ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಅಭಿವೃದ್ಧಿ ಸೂಚ್ಯಂಕ

ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದಲ್ಲಿ ಯಾವ ರಾಷ್ಟ್ರ ಎಷ್ಟು ಮುಂದುವರಿದಿದೆ ಎಂಬುದನ್ನು ಒಂದೇ ಅಂಕಿಯಲ್ಲಿ ತಿಳಿಸುವ ಅಳತೆಯೇ ಈ ಸೂಚ್ಯಂಕ. ವಿಶ್ವಸಂಸ್ಥೆಯ ಅಂಗಸಂಸ್ಥೆಯಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಇದನ್ನು 2009ರಲ್ಲಿ ಮೊದಲು ಪ್ರಕಟಿಸಿತು.

2017ರ ಆವೃತ್ತಿಯವರೆಗೆ 11 ಸೂಚಕಗಳನ್ನು ಬಳಸಲಾಗುತ್ತಿತ್ತು. ದೂರವಾಣಿ, ಗಣಕಯಂತ್ರ ಹಾಗೂ ಅಂತರ್ಜಾಲ ಸಂಪರ್ಕದ ಲಭ್ಯತೆಗೆ ಶೇ. 40, ಬಳಕೆಗೆ ಶೇ. 40 ಮತ್ತು ಕೌಶಲಕ್ಕೆ ಶೇ. 20ರಷ್ಟು ತೂಕ ನೀಡಲಾಗಿತ್ತು. ಕೌಶಲವನ್ನು ನೇರವಾಗಿ ಅಳೆಯದೆ, ಶಾಲಾ ಶಿಕ್ಷಣದ ವರ್ಷಗಳು ಹಾಗೂ ಪ್ರೌಢ ಮತ್ತು ಉನ್ನತ ಶಿಕ್ಷಣದ ದಾಖಲಾತಿಯಿಂದ ಅಂದಾಜಿಸಲಾಗುತ್ತಿತ್ತು. 2017ರಲ್ಲಿ 176 ಆರ್ಥಿಕತೆಗಳ ಪೈಕಿ ಐಸ್‌ಲ್ಯಾಂಡ್ ಪ್ರಥಮ, ದಕ್ಷಿಣ ಕೊರಿಯಾ ದ್ವಿತೀಯ ಸ್ಥಾನ ಪಡೆದವು; ಭಾರತವು 134ನೇ ಸ್ಥಾನದಲ್ಲಿತ್ತು.

ಅಂಕಿಗಳನ್ನು ಓದುವಾಗ ಸಾರ್ವಜನಿಕರು ಒಂದು ಅಂಶವನ್ನು ಗಮನಿಸತಕ್ಕದ್ದು. ಮೊಬೈಲ್ ಚಂದಾದಾರಿಕೆಗಳ ಎಣಿಕೆಯು ಜನರ ಎಣಿಕೆಯಲ್ಲ. ಒಬ್ಬರ ಬಳಿ ಎರಡು ಸಿಮ್ ಇದ್ದರೆ ಎರಡೂ ಲೆಕ್ಕಕ್ಕೆ ಸೇರುತ್ತವೆ. ಪಕ್ಕದ ಮನೆಯಲ್ಲಿ ಐವರಿಗೆ ಒಂದೇ ದೂರವಾಣಿ ಇದ್ದರೂ ಸರಾಸರಿಯಲ್ಲಿ ಅದು ಕಾಣುವುದಿಲ್ಲ. ಲೆಕ್ಕಪತ್ರ ಬಲ್ಲವರಿಗೆ ಇದು ಹೊಸದಲ್ಲ: ಒಟ್ಟು ಮೊತ್ತ ತಾಳೆಯಾದರೂ ಬಾಬ್ತುಗಳನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ (2017-18) ಪ್ರಕಾರ ದೇಶದ ನಗರ ಕುಟುಂಬಗಳಲ್ಲಿ ಶೇ. 42ರಷ್ಟು ಅಂತರ್ಜಾಲ ಸೌಲಭ್ಯ ಹೊಂದಿದ್ದರೆ, ಗ್ರಾಮೀಣ ಕುಟುಂಬಗಳಲ್ಲಿ ಶೇ. 14.9ರಷ್ಟು ಮಾತ್ರ ಹೊಂದಿದ್ದವು. ಗಣಕಯಂತ್ರವಿದ್ದ ಗ್ರಾಮೀಣ ಕುಟುಂಬಗಳು ಶೇ. 4.4 ಮಾತ್ರ. ರಾಷ್ಟ್ರಕ್ಕೆ ದೊರೆಯುವ ಏಕೈಕ ಅಂಕಿಯಲ್ಲಿ ಈ ಅಂತರ ಮರೆಯಾಗುತ್ತದೆ. ಅರ್ಜಿಗಳನ್ನು ಅಂತರ್ಜಾಲದಲ್ಲಿ ಮಾತ್ರ ಸ್ವೀಕರಿಸಬೇಕೇ, ಕೌಂಟರನ್ನೂ ಮುಂದುವರಿಸಬೇಕೇ ಎಂಬುದನ್ನು ನಿರ್ಧರಿಸಲು ಕೇವಲ ಸಿಮ್‌ಗಳ ಸಂಖ್ಯೆ ಸಾಲದು. ಆದುದರಿಂದ ಸಮೀಕ್ಷಾ ಸಿಬ್ಬಂದಿ ಮನೆಗೆ ಬಂದಾಗ, ಇರುವುದನ್ನು ಇದೆ ಎಂದೂ ಇಲ್ಲದ್ದನ್ನು ಇಲ್ಲವೆಂದೂ ತಿಳಿಸಲು ಕೋರಲಾಗಿದೆ.

ದತ್ತಾಂಶ ಹಾಗೂ ವಿಧಾನದ ಕುರಿತ ಭಿನ್ನಾಭಿಪ್ರಾಯಗಳಿಂದಾಗಿ 2018ರಿಂದ 2022ರವರೆಗೆ ಸೂಚ್ಯಂಕ ಪ್ರಕಟವಾಗಲಿಲ್ಲ. 2023ರಲ್ಲಿ ಪರಿಷ್ಕೃತ ರೂಪದಲ್ಲಿ ಪುನಃ ಆರಂಭವಾಯಿತು. ಇದರಲ್ಲಿ ಸಾರ್ವತ್ರಿಕ ಸಂಪರ್ಕ ಮತ್ತು ಅರ್ಥಪೂರ್ಣ ಸಂಪರ್ಕ ಎಂಬ ಎರಡು ವಿಭಾಗಗಳಿದ್ದು, 10 ಸೂಚಕಗಳಿಂದ 0ಯಿಂದ 100ರವರೆಗೆ ಅಂಕ ನೀಡಲಾಗುತ್ತದೆ. ಹೊಸ ಅಂಕಗಳನ್ನು 2017ರ ಅಂಕಗಳೊಂದಿಗೆ ಹೋಲಿಸಲು ಬರುವುದಿಲ್ಲ.

ಸರ್ಕಾರಿ ಸೇವೆಗಳು ಅಂತರ್ಜಾಲದಲ್ಲಿ ಎಷ್ಟರಮಟ್ಟಿಗೆ ದೊರೆಯುತ್ತವೆ ಎಂಬುದನ್ನು ಈ ಸೂಚ್ಯಂಕ ಅಳೆಯುವುದಿಲ್ಲ. ಅದಕ್ಕಾಗಿ ವಿಶ್ವಸಂಸ್ಥೆಯು ಎರಡು ವರ್ಷಗಳಿಗೊಮ್ಮೆ ಇ-ಆಡಳಿತ ಅಭಿವೃದ್ಧಿ ಸೂಚ್ಯಂಕವನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತದೆ.