ಟೊಂಕದ ನೋವೂ ನೆತ್ತರಿನ ಸಾಕ್ಷ್ಯವೂ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಚರಿತ್ರೆಯನ್ನು ಹೇಳುವಾಗ ಅದರ ಕಡುಗೆಂಪು ವರ್ಣವನ್ನೂ 2011ರಲ್ಲಿ ದೊರೆತ ಭೌಗೋಳಿಕ ಸೂಚಿಯ ಮನ್ನಣೆಯನ್ನೂ ಕೊಂಡಾಡುವುದು ರೂಢಿ. ಆದರೆ ಆ ಚರಿತ್ರೆಯನ್ನು ಹೊತ್ತದ್ದು ಹಮಾಲರ ಬೆನ್ನು ಎಂಬುದನ್ನು ಮೊದಲು ಹೇಳುವುದು ನ್ಯಾಯ. ಗೋಣಿಚೀಲಕ್ಕೆ ಕಬ್ಬಿಣದ ಕೊಕ್ಕೆಯನ್ನು ಸಿಕ್ಕಿಸಿ, ನಡು ಬಾಗಿಸಿ, ಬೆನ್ನಿಗೇರಿಸಿಕೊಂಡು ಲಾರಿಯವರೆಗೆ ನಡೆಯುವ ಅವರ ಸಾಲಿನ ಪಕ್ಕದಲ್ಲಿಯೇ, ಘಾಟಿಗೆ ಕೆಮ್ಮುತ್ತ ಸೀನುತ್ತ, ನೆಲದ ಮೇಲೆ ಕುಳಿತು ತಾಸುಗಟ್ಟಲೆ ಕಾಯಿಯ ತೊಟ್ಟು ಬಿಡಿಸುವ ಹೆಂಗಸರಿರುವರು. ಅವರ ಟೊಂಕದ ನೋವು ಹಮಾಲರದಕ್ಕಿಂತ ಕಿರಿದೆಂದು ನಾನು ಒಪ್ಪಲಾರೆ. ರಾಣೆಬೆನ್ನೂರು, ಹಾವೇರಿಗಳ ಪೇಟೆಗಳಲ್ಲಿಯೂ ಚೀಲ ಹೊರುವವರ ಪಾಡು ಬೇರೆಯಲ್ಲ.

ಟೊಂಕದ ಈ ನೋವನ್ನು ಆಯುರ್ವೇದವು ಕಟಿಗ್ರಹವೆಂದೂ, ಕಾಲಿಗಿಳಿದರೆ ಗೃಧ್ರಸಿಯೆಂದೂ ಹೆಸರಿಸಿ ವಾತದೋಷಕ್ಕೆ ಸೇರಿಸಿತು. ಪಾಶ್ಚಾತ್ಯ ವೈದ್ಯರು ನೆತ್ತರಿನಲ್ಲಿ ರೋಗದ ಗುರುತನ್ನು ಅರಸಿದರು: 1897ರಲ್ಲಿ ಪೋಲೆಂಡಿನ ಬಿಯರ್ನಾಟ್ಸ್ಕಿಯು ರಕ್ತಕಣಗಳು ಕೊಳವೆಯ ತಳಕ್ಕಿಳಿಯುವ ವೇಗವನ್ನು ವಿವರಿಸಿದನು, 1930ರಲ್ಲಿ ಉರಿಯೂತದ ವೇಳೆ ಏರುವ ಸಿ-ರಿಯಾಕ್ಟಿವ್ ಪ್ರೋಟೀನು ಪತ್ತೆಯಾಯಿತು, 1973ರಲ್ಲಿ, ತರುಣರ ಬೆನ್ನೆಲುಬನ್ನು ಬಿಗಿಗೊಳಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ರೋಗಕ್ಕೂ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಇರುವ ನಂಟು ಸಿದ್ಧವಾಯಿತು. ಇವೆಲ್ಲವೂ ಸೋಂಕು, ಉರಿಯೂತಗಳನ್ನು ಶಂಕಿಸಲು ನೆರವಾದುವೇ ಹೊರತು, ಭಾರ ಹೊತ್ತು ದಣಿದ ಬೆನ್ನಿನ ಸಾಮಾನ್ಯ ನೋವನ್ನು ಖಚಿತವಾಗಿ ತೋರಿಸಬಲ್ಲ ರಕ್ತಪರೀಕ್ಷೆ ಇಂದಿಗೂ ಬಳಕೆಗೆ ಬಂದಿಲ್ಲ.

ಆದಕಾರಣ ವರದಿಯಲ್ಲಿ ದೋಷ ಕಾಣಲಿಲ್ಲವೆಂದು ಹಮಾಲನ ನೋವನ್ನು ಸುಳ್ಳೆನ್ನಲಾಗದು. ವರ್ತಕ ಮಹಾಶಯರು ಚೀಲದ ತೂಕವನ್ನು ಇಳಿಸಲಿ, ತೊಟ್ಟು ಬಿಡಿಸುವ ತಾಯಂದಿರಿಗೆ ಕೂಡಲು ಮಣೆಯನ್ನಾದರೂ ಒದಗಿಸಲಿ.