ದಾಖಲೆಗಳಲ್ಲಿ ಮರೆಮಾಚುವಿಕೆ: ಮುಚ್ಚಬೇಕಾದುದು, ಮುಚ್ಚಬಾರದುದು

ಸಾರ್ವಜನಿಕರಿಗೆ ನೀಡುವ ದಾಖಲೆಯಲ್ಲಿ ವ್ಯಕ್ತಿಯ ಗುರುತು, ಆರೋಗ್ಯ, ಬ್ಯಾಂಕ್ ಖಾತೆ ಮುಂತಾದ ವಿವರಗಳನ್ನು ಮುಚ್ಚಿ, ಉಳಿದ ಭಾಗವನ್ನು ಯಥಾವತ್ತಾಗಿ ಕೊಡುವ ಕ್ರಮವೇ ಮರೆಮಾಚುವಿಕೆ. ಭಾರತದಲ್ಲಿ ಸರಕಾರಿ ಕಡತಗಳ ಮಟ್ಟಿಗೆ ಇದಕ್ಕೆ ಆಧಾರ 2005ರ ಮಾಹಿತಿ ಹಕ್ಕು ಅಧಿನಿಯಮದ ಸೆಕ್ಷನ್ 10. ಕೇಳಿದ ಕಡತದಲ್ಲಿ ವಿನಾಯಿತಿಗೆ ಒಳಪಟ್ಟ ಅಂಶವಿದ್ದರೆ ಅದನ್ನು ಬೇರ್ಪಡಿಸಿ ಮಿಕ್ಕದ್ದನ್ನು ಒದಗಿಸಲು ಅದು ಅವಕಾಶ ನೀಡುತ್ತದೆ. ಹಾಗೆ ಬೇರ್ಪಡಿಸಿದಾಗ ಅದರ ಕಾರಣವನ್ನೂ, ತೀರ್ಮಾನ ಕೈಗೊಂಡ ಅಧಿಕಾರಿಯ ಹೆಸರು ಹಾಗೂ ಪದನಾಮವನ್ನೂ, ಮರುಪರಿಶೀಲನೆ ಕೋರುವ ಹಕ್ಕನ್ನೂ ಅರ್ಜಿದಾರರಿಗೆ ತಿಳಿಸತಕ್ಕದ್ದು.

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಪೋಷಕರಿಗೆ ಇದು ದೂರದ ಸಂಗತಿಯಲ್ಲ. ಕನ್ನಡ ವಿಭಾಗದ ತರಗತಿವಾರು ಮಕ್ಕಳ ಸಂಖ್ಯೆ, ಮಂಜೂರಾದ ಹಾಗೂ ಖಾಲಿ ಉಳಿದ ಕನ್ನಡ ಶಿಕ್ಷಕರ ಹುದ್ದೆಗಳು: ನಮ್ಮ ಬೇಡಿಕೆಗಳೆಲ್ಲ ನಿಲ್ಲುವುದು ಈ ಅಂಕಿಗಳ ಮೇಲೆಯೇ. ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರಿದೆ ಎಂಬ ಕಾರಣವೊಡ್ಡಿ ಇಡೀ ಅರ್ಜಿಯನ್ನು ತಿರಸ್ಕರಿಸುವುದು ಸೆಕ್ಷನ್ 10ರ ಆಶಯಕ್ಕೆ ಹೊಂದುವುದಿಲ್ಲ; ಹೆಸರಿನ ಅಂಕಣ ಮುಚ್ಚಿದರೂ ಸಂಖ್ಯೆ ಉಳಿಯುತ್ತದಲ್ಲವೇ? “ವೈಯಕ್ತಿಕ ವಿವರಗಳನ್ನು ಬೇರ್ಪಡಿಸಿ ಉಳಿದುದನ್ನು ನೀಡಬೇಕು” ಎಂದು ಅರ್ಜಿಯಲ್ಲಿಯೇ ಬರೆದಿಡುವುದು ಲೇಸು. ಆದರೂ ನಿರಾಕರಿಸಿದರೆ, ಉತ್ತರ ಕೈಸೇರಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಹೆಸರನ್ನು ಅಳಿಸಿದ ಮಾತ್ರಕ್ಕೆ ಗುರುತು ಅಳಿಯದು ಎಂಬುದನ್ನೂ ಮರೆಯುವಂತಿಲ್ಲ. ಐದಾರು ಮಕ್ಕಳಷ್ಟೇ ಇರುವ ತರಗತಿಯಲ್ಲಿ ಜಾತಿ, ಅಂಗವೈಕಲ್ಯ, ಮನೆಯಿರುವ ಊರು ಇವುಗಳಲ್ಲಿ ಒಂದು ಉಳಿದರೂ ಸಾಕು, ಮಗು ಯಾರೆಂದು ನೆರೆಹೊರೆಗೆಲ್ಲ ತಿಳಿಯುತ್ತದೆ. ಸಣ್ಣ ಶಾಲೆಗಳೇ ಹೆಚ್ಚಿರುವ ನಮ್ಮಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ವಿದ್ಯಾರ್ಥಿವೇತನದ ಪಟ್ಟಿಯನ್ನು ಖಾತೆಸಂಖ್ಯೆ ಸಮೇತ ವಾಟ್ಸಾಪ್ ಗುಂಪಿಗೆ ಹಾಕುವ ರೂಢಿಯಂತೂ ನಿಲ್ಲಲೇಬೇಕು. ನಿಯಮಗಳು ಸೂಚಿಸಿದ ಉದ್ದೇಶಗಳ ಹೊರತು ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಅಧಿನಿಯಮವೇ ನಿಷೇಧಿಸಿದೆ. 12 ಅಂಕೆಗಳಲ್ಲಿ ಮೊದಲ 8ನ್ನು ಮರೆಮಾಚಿದ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು.

ಮುಚ್ಚುವ ವಿಧಾನದಲ್ಲಿಯೂ ಎಡವಟ್ಟುಗಳುಂಟು. 2019ರ ಜನವರಿಯಲ್ಲಿ ಅಮೆರಿಕದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಕೆಲವು ಸಾಲುಗಳ ಮೇಲೆ ಕಪ್ಪು ಪಟ್ಟೆಯಿತ್ತು. ಆ ಭಾಗವನ್ನು ನಕಲಿಸಿ ಬೇರೆಡೆ ಅಂಟಿಸಿದವರಿಗೆ ಅಕ್ಷರಗಳೆಲ್ಲ ದೊರೆತವು. ಪಟ್ಟೆ ಮೇಲ್ಪದರ ಮಾತ್ರ, ಪಠ್ಯ ಕೆಳಗೆ ಹಾಗೆಯೇ ಇರುತ್ತದೆ. ಕಾಗದದ ಮೇಲಿನ ಮಾರ್ಕರ್ ಮಸಿಯೂ ಬೆಳಕಿಗೆ ಹಿಡಿದರೆ ಓದಲು ಸಿಗಬಹುದು. ನೆರಳಚ್ಚು ಪ್ರತಿಯಲ್ಲಿ ಬೇಡದ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಮತ್ತೊಮ್ಮೆ ನೆರಳಚ್ಚು ಮಾಡಿಸಿ ಅಥವಾ ಸ್ಕ್ಯಾನ್ ಮಾಡಿಸಿ ಕೊಡುವುದು ಹಳ್ಳಿಯ ಶಾಲೆಗೂ ಸಾಧ್ಯ. ಮೂಲ ಪ್ರತಿಗೆ ಮಾತ್ರ ಕತ್ತರಿಯನ್ನಾಗಲಿ ಮಸಿಯನ್ನಾಗಲಿ ತಾಗಿಸದೆ ಕಡತದಲ್ಲಿ ಭದ್ರವಾಗಿಡಬೇಕು.