ಎಫಿಜಿಯಾ

ಟ್ರಯಾಸಿಕ್ ಯುಗದ ಕೊನೆಗಾಲದಲ್ಲಿ, 20 ಕೋಟಿ ವರ್ಷಗಳಿಗೂ ಹಿಂದೆ, ಇಂದಿನ ಅಮೆರಿಕದ ನ್ಯೂ ಮೆಕ್ಸಿಕೊ ಸೀಮೆಯಲ್ಲಿ ಬದುಕಿ ಅಳಿದುಹೋದ ಸರೀಸೃಪ. ಉದ್ದ ಸುಮಾರು 2 ಮೀಟರ್. ಹಲ್ಲಿಲ್ಲದ ಕೊಕ್ಕು, ದೊಡ್ಡ ಕಣ್ಣುಗೂಡು, ಗಿಡ್ಡ ಮುಂಗಾಲು, ಹಿಂಗಾಲುಗಳ ಮೇಲೇ ನಡಿಗೆ. ಮೈಕಟ್ಟು ನೋಡಿದವರು ಉಷ್ಟ್ರಪಕ್ಷಿಯನ್ನು ಹೋಲುವ ಡೈನೋಸಾರ್ ಎಂದೇ ಹೇಳಿಯಾರು. ಆದರೆ ಇದು ಮೊಸಳೆಯ ಬಳಗಕ್ಕೆ ಸೇರಿದ್ದು.

ಪಳೆಯುಳಿಕೆ ನೆಲದಿಂದ ಮೇಲೆ ಬಂದದ್ದು ಒಮ್ಮೆ, ಬೆಳಕಿಗೆ ಬಂದದ್ದು ಇನ್ನೊಮ್ಮೆ. 1947ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ನಿಸರ್ಗ ಇತಿಹಾಸ ಸಂಗ್ರಹಾಲಯದ ಎಡ್ವಿನ್ ಕೋಲ್ಬರ್ಟ್ ತಂಡಕ್ಕೆ ನ್ಯೂ ಮೆಕ್ಸಿಕೊದ ಘೋಸ್ಟ್ ರಾಂಚ್ ಎಂಬಲ್ಲಿ ಸೀಲೋಫೈಸಿಸ್ ಡೈನೋಸಾರ್‌ನ ಅಸ್ಥಿಗಳು ರಾಶಿರಾಶಿಯಾಗಿ ಸಿಕ್ಕವು. ಬಿಡಿಸುತ್ತ ಕೂರಲು ಪುರುಸೊತ್ತಿಲ್ಲದೆ ಬಂಡೆಗಳನ್ನೇ ಇಡಿಯಾಗಿ ಎಬ್ಬಿಸಿ, ಪ್ಲಾಸ್ಟರ್ ಮೆತ್ತಿ ಸಾಗಿಸಿದರು. ಉಳಿದ ಬಂಡೆಗಳಲ್ಲೂ ಸೀಲೋಫೈಸಿಸ್ ಅಲ್ಲದೆ ಬೇರೇನಿದ್ದೀತು ಎಂಬ ಎಣಿಕೆಯಿಂದ ಹಲವನ್ನು ಒಡೆಯಲೇ ಇಲ್ಲ. ಅರ್ಧ ಶತಮಾನಕ್ಕೂ ಮೇಲೆ ಅವು ಉಗ್ರಾಣದಲ್ಲೇ ಬಿದ್ದಿದ್ದವು. ಆಗಿನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದ ಸ್ಟರ್ಲಿಂಗ್ ನೆಸ್ಬಿಟ್ ಅವನ್ನು ತೆರೆದಾಗ ಒಳಗಿದ್ದದ್ದು ಬೇರೆಯೇ ಪ್ರಾಣಿ. ಸಂಶೋಧಕ ಮಾರ್ಕ್ ನೊರೆಲ್ ಜತೆಗೂಡಿ 2006ರಲ್ಲಿ ಅವರು ಅದಕ್ಕೆ ಎಫಿಜಿಯಾ ಓಕೀಫೀ ಎಂದು ಹೆಸರಿಟ್ಟರು. ಘೋಸ್ಟ್ ರಾಂಚ್‌ನಲ್ಲೇ ಮನೆ ಮಾಡಿಕೊಂಡು, ಬಿಸಿಲಿಗೆ ಬಿಳಿಚಿದ ದನದ ಬುರುಡೆಗಳನ್ನು ಚಿತ್ರಿಸಿದ ಕಲಾವಿದೆ ಜಾರ್ಜಿಯಾ ಓಕೀಫ್ ಅವರ ನೆನಪಿಗೆ ಇಟ್ಟ ಹೆಸರದು. ಒಪ್ಪುವಂಥದ್ದೇ.

ಕುಲದ ಗುಟ್ಟು ಬಿಟ್ಟುಕೊಟ್ಟದ್ದು ಪಾದದ ಕೀಲು. ಡೈನೋಸಾರ್‌ಗಳಲ್ಲಿ ಹಿಮ್ಮಡಿಯ ಮೂಳೆಯೂ ಅದರ ಪಕ್ಕದ್ದೂ ಕಣಕಾಲಿನ ಮೂಳೆಗಳಿಗೆ ಬಿಗಿಯಾಗಿ ಕೂತಿರುತ್ತವೆ, ಪಾದ ಅವುಗಳ ಕೆಳಗೆ ಮಡಚುತ್ತದೆ. ಎಫಿಜಿಯಾದಲ್ಲಿ ಆ ಎರಡು ಮೂಳೆಗಳ ನಡುವೆಯೇ ಗೂಟ ಮತ್ತು ಕುಳಿಯಂಥ ಕೀಲಿದೆ, ಇಂದಿನ ಮೊಸಳೆಗಳಲ್ಲಿ ಇರುವ ಹಾಗೆ. ಹಲ್ಲಿಲ್ಲದ ಕೊಕ್ಕು, ಹಿಂಗಾಲಿನ ನಡಿಗೆಯ ಈ ಮೈಮಾಟ ಉಷ್ಟ್ರಪಕ್ಷಿಯಂಥ ಡೈನೋಸಾರ್‌ಗಳಲ್ಲಿ ಮತ್ತೆ ಕಾಣಿಸಿಕೊಂಡದ್ದು ಕೋಟ್ಯಂತರ ವರ್ಷಗಳ ನಂತರ, ಕ್ರಿಟೇಷಿಯಸ್ ಯುಗದಲ್ಲಿ.

ಈ ಶೋಧ ಹಳೆಯ ತೊಡಕೊಂದನ್ನೂ ಬಿಡಿಸಿತು. ಭಾರತೀಯ ಮೂಲದ ಪಳೆಯುಳಿಕೆ ತಜ್ಞ ಶಂಕರ್ ಚಟರ್ಜಿ 1993ರಲ್ಲಿ ಟೆಕ್ಸಾಸ್‌ನ ಒಂದು ತಲೆಬುರುಡೆಗೆ ಮಗನ ಹೆಸರು ಸೇರಿಸಿ ಷುವೋಸಾರಸ್ ಎಂದು ಕರೆದು, ಅದನ್ನು ಡೈನೋಸಾರ್ ಎಂದೇ ಬಗೆದಿದ್ದರು. ಅಲ್ಲಿಯದೇ ಮುಂಡದ ಮೂಳೆಗಳಿಗೆ 1995ರಲ್ಲಿ ಬೇರೆ ಸಂಶೋಧಕರು ಚಟರ್ಜಿಯಾ ಎಂದು ಹೆಸರಿಟ್ಟರು. ಎಫಿಜಿಯಾದಲ್ಲಿ ಅಂಥದೇ ತಲೆ, ಅಂಥದೇ ಮುಂಡ ಒಂದೇ ಅಸ್ಥಿಪಂಜರದಲ್ಲಿ ಸಿಕ್ಕಿದ್ದರಿಂದ ಟೆಕ್ಸಾಸ್‌ನ ಎರಡೂ ಒಂದೇ ಪ್ರಾಣಿಯವೆಂದೂ ಅದೂ ಮೊಸಳೆಯ ಬಳಗದ್ದೇ ಎಂದೂ ಖಚಿತವಾಯಿತು. ಮೊದಲು ಇಟ್ಟ ಷುವೋಸಾರಸ್ ಎಂಬ ಹೆಸರು ಉಳಿದಿದೆ. ಚಟರ್ಜಿಯಾ ಈಗ ಬಳಕೆಯಲ್ಲಿಲ್ಲ.